ಬೆರಳು ಜೋಡಿಸುವ ಕೆಲಸವನ್ನು ಆನ್‌ಲೈನಿನಲ್ಲಿ ತೋರಿಸಿದ್ದು

ಅಡಿಕೆ ಸುಲಿಯುವ ಯಂತ್ರಕ್ಕೆ ಬೆರಳು ಸಿಕ್ಕಿಕೊಂಡರೆ ಶಿರಸಿ, ಸಿದ್ದಾಪುರದವರು ಹುಬ್ಬಳ್ಳಿ ದಾರಿ ಹಿಡಿಯುತ್ತಾರೆ. ಬೋಟಿನಲ್ಲಿ ಬಲೆಯ ಹಗ್ಗ ಎಳೆಯುವ ವಿಂಚಿಗೆ ಕೈ ಸಿಕ್ಕರೆ ಹೊನ್ನಾವರ, ಭಟ್ಕಳದವರು ಮಣಿಪಾಲಕ್ಕೋ ಮಂಗಳೂರಿಗೋ ಓಡುತ್ತಾರೆ. ಕಾರವಾರದವರಿಗೆ ಗೋವಾ ಹತ್ತಿರ. ಎಲ್ಲಿಗೆ ಹೋಗುವುದಾದರೂ ಘಟ್ಟ ಹತ್ತಬೇಕು, ಇಲ್ಲಾ ಹೆದ್ದಾರಿಯಲ್ಲಿ ತಾಸುಗಟ್ಟಲೆ ಕೂರಬೇಕು. 2022ರಲ್ಲಿ ಉತ್ತರ ಕನ್ನಡದ ಜನ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಅಷ್ಟು ದೊಡ್ಡ ದನಿ ಎತ್ತಿದ್ದು ಸುಮ್ನೆ ಅಲ್ಲ.

ಆ ಹೋರಾಟದ ದಿನಗಳಲ್ಲಿ ನನ್ನ ತಲೆಯಲ್ಲಿ ಇನ್ನೊಂದು ಪ್ರಶ್ನೆ ಕೊರೆಯುತ್ತಿತ್ತು. ಆಸ್ಪತ್ರೆ ಬಂತು ಅಂತಲೇ ಇಟ್ಟುಕೊಳ್ಳೋಣ. ಅದರೊಳಗೆ ನಿಂತು ಆಪರೇಷನ್ ಮಾಡುವವರು ಯಾರು? ಹೊರಗಿನಿಂದ ಬಂದವರು ವರ್ಷ ಎರಡು ವರ್ಷ ಇದ್ದು ಹೋಗುತ್ತಾರೆ. ಉಳಿಯಬೇಕಾದರೆ ಇಲ್ಲಿಯ ಮಕ್ಕಳೇ ಆ ಕೆಲಸ ಕಲಿಯಬೇಕಲ್ವಾ? ಕಲಿಯುವುದಕ್ಕೂ ಮೊದಲು ಅಂಥದ್ದೊಂದು ಕೆಲಸ ಇದೆ ಅನ್ನುವುದು ಅವರ ಕಣ್ಣಿಗೆ ಬೀಳಬೇಕು. ಯಾರೂ ಕಾಣದ್ದನ್ನು ಆರಿಸಿಕೊಳ್ಳುವುದಿಲ್ಲ.

ನಾನು ಶಿರಸಿ ತಾಲ್ಲೂಕಿನ ಹಳ್ಳಿಯವಳು. ಕೆಲಸ ಹುಬ್ಬಳ್ಳಿಯಲ್ಲಿ. ಪ್ಲಾಸ್ಟಿಕ್ ಸರ್ಜನ್, ಅದರಲ್ಲೂ ಕೈಗಳ ಆಪರೇಷನ್ ಜಾಸ್ತಿ. ಎಂ.ಬಿ.ಬಿ.ಎಸ್. ಮುಗಿಯುವವರೆಗೂ ಪ್ಲಾಸ್ಟಿಕ್ ಸರ್ಜನ್ ಒಬ್ಬರು ಕೆಲಸ ಮಾಡುವುದನ್ನು ನಾನು ನೋಡಿರಲೇ ಇಲ್ಲ. ಆಮೇಲೆ ಸರ್ಜರಿಯಲ್ಲಿ ಎಂ.ಎಸ್. ಮಾಡುವಾಗ ಒಂದು ರಾತ್ರಿ ಡ್ಯೂಟಿಯಲ್ಲಿ ಮಣಿಕಟ್ಟು ಕತ್ತರಿಸಿಹೋಗಿದ್ದ ಹುಡುಗನೊಬ್ಬ ಬಂದ. ಹಿರಿಯರೊಬ್ಬರು ಬೆಳಗಿನವರೆಗೆ ಕೂತು ಒಂದೊಂದೇ ನರ, ಒಂದೊಂದೇ ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ಹುಡುಕಿ ಜೋಡಿಸಿದರು. ನಾನು ಈ ಕಡೆ ಬಂದಿದ್ದು ಅದನ್ನು ನೋಡಿದ್ದರಿಂದ. ಆ ರಾತ್ರಿ ಬೇರೆ ವಾರ್ಡಿನಲ್ಲಿ ಡ್ಯೂಟಿ ಇದ್ದಿದ್ದರೆ ಬೇರೆ ಏನೋ ಆಗಿರುತ್ತಿದ್ದೆ. ಒಂದು ಜಿಲ್ಲೆಯ ಮಕ್ಕಳ ಆಯ್ಕೆ ಇಂಥ ಆಕಸ್ಮಿಕಕ್ಕೆ ಬಿಟ್ಟಿರಬಾರದು ಅನ್ನುವುದು ನನ್ನ ಗಟ್ಟಿ ನಂಬಿಕೆ.

ಕಾರವಾರದಲ್ಲಿ 2013ರಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಶುರುವಾದ ಮೇಲೆ ನಮ್ಮ ಕಡೆಯ ಮಕ್ಕಳು ಊರ ಹತ್ತಿರವೇ ಡಾಕ್ಟರ್ ಓದುವಂತಾಯಿತು. ಅದು ಸಣ್ಣ ವಿಷಯ ಅಲ್ಲ. ಆದರೆ ದೇಶದ ಯಾವ ಕಾಲೇಜಿನಲ್ಲಿ ಓದಿದರೂ ಎಂ.ಬಿ.ಬಿ.ಎಸ್. ಪಠ್ಯದಲ್ಲಿ ಪ್ಲಾಸ್ಟಿಕ್ ಸರ್ಜರಿ ಅನ್ನುವುದು ಜನರಲ್ ಸರ್ಜರಿಯ ಮಡಿಲಲ್ಲಿ ಬಂದು ಹೋಗುವ ವಿಷಯ. ಸುಟ್ಟಗಾಯ, ಚರ್ಮದ ಕಸಿ, ಸೀಳು ತುಟಿ, ಇಷ್ಟನ್ನು ಓದಿ ಪರೀಕ್ಷೆ ಬರೆಯುತ್ತಾರೆ. ಉಳಿದದ್ದು ಅವರಿಗೆ ಸಿನಿಮಾದವರ ಮೂಗಿನ ಸುದ್ದಿಯಿಂದ ಗೊತ್ತು.

ಕಾರವಾರದಲ್ಲಿ ಓದುತ್ತಿದ್ದ ನಮ್ಮ ಊರ ಕಡೆಯ ಹುಡುಗಿ ಹಬ್ಬಕ್ಕೆ ಬಂದಾಗ ಕೇಳಿದಳು. "ಅಕ್ಕಾ, ನೀವು ದಿನಾ ಮಾಡೋ ಕೆಲಸ ನಮಗೂ ಒಂದ್ಸಲ ತೋರಿಸ್ತೀರಾ? ಹುಬ್ಬಳ್ಳಿಗೆ ಎಲ್ಲರೂ ಬರೋಕಾಗಲ್ಲ. ಆನ್‌ಲೈನಲ್ಲಿ ಆದ್ರೂ?" ಕೊರೊನಾ ಕಾಲದಲ್ಲಿ ವೆಬಿನಾರ್ ಕೇಳಿ ಕೇಳಿ ಎಲ್ಲರಿಗೂ ಸಾಕಾಗಿತ್ತು, ನನಗೂ. ಆದರೂ ಒಪ್ಪಿದೆ. ಅವಳು ಹಾಸ್ಟೆಲಿನಲ್ಲಿ ನಾಲ್ಕಾರು ಜನರನ್ನು ಒಟ್ಟು ಮಾಡಿದಳು. ಸುದ್ದಿ ವಾಟ್ಸಾಪಿನಲ್ಲಿ ಹಬ್ಬಿ ಹುಬ್ಬಳ್ಳಿ, ಬೆಳಗಾವಿ, ಮೈಸೂರಿನಲ್ಲಿ ಓದುತ್ತಿದ್ದ ನಮ್ಮ ಜಿಲ್ಲೆಯ ಮಕ್ಕಳೂ ಸೇರಿಕೊಂಡರು.

ಶುರು ಮಾಡುವ ಮುಂಚೆ ಒಂದು ತೀರ್ಮಾನ ಮಾಡಿಕೊಂಡೆ. ಇದು ಪಾಠ ಆಗಬಾರದು. ಪಾಠ ಬೇಕಾದರೆ ಪುಸ್ತಕ ಇದೆ, ಯೂಟ್ಯೂಬ್ ಇದೆ. ಒಂದು ಸಂಜೆಗೆ ಒಬ್ಬ ರೋಗಿ. ಗಾಯ ಆದ ಹೊತ್ತಿನಿಂದ ಹಿಡಿದು ಆ ಮನುಷ್ಯ ಮತ್ತೆ ತೋಟಕ್ಕೋ ಬೋಟಿಗೋ ಹೋಗುವವರೆಗಿನ ಪೂರ್ತಿ ದಾರಿ. ವಾರ್ಡಿನಲ್ಲಿ ನಿಂತ ವಿದ್ಯಾರ್ಥಿಗೆ ಆ ದಾರಿಯ ಒಂದು ತುಣುಕು ಮಾತ್ರ ಕಾಣುತ್ತದೆ. ಆಪರೇಷನ್ ದಿನ ನೋಡಿದವನಿಗೆ ಆರು ತಿಂಗಳ ಮೇಲಿನ ಕೈ ಕಾಣುವುದಿಲ್ಲ. ಆನ್‌ಲೈನಿನಲ್ಲಿ ಆರು ತಿಂಗಳನ್ನು ಒಂದು ತಾಸಿನಲ್ಲಿ ತೋರಿಸಬಹುದು. ಎದುರು ನಿಂತು ಕಲಿಸುವಾಗ ಇಲ್ಲದ ಅನುಕೂಲ ಅಂದರೆ ಇದೊಂದೇ. ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡೆ.

ಮೊದಲ ಸಂಜೆ ಮಾತ್ರ ರೋಗಿಯ ಕಥೆ ಇರಲಿಲ್ಲ. ಓದಿನ ಲೆಕ್ಕವನ್ನು ಬಿಚ್ಚಿ ಹೇಳಿದೆ. ಇಂಟರ್ನ್‌ಶಿಪ್ ಸೇರಿ ಎಂ.ಬಿ.ಬಿ.ಎಸ್. ಐದೂವರೆ ವರ್ಷ. ಆಮೇಲೆ ನೀಟ್ ಪಿ.ಜಿ. ಪ್ರವೇಶ ಪರೀಕ್ಷೆ ಬರೆದು ಎಂ.ಎಸ್. ಜನರಲ್ ಸರ್ಜರಿ 3 ವರ್ಷ. ಮತ್ತೆ ಸೂಪರ್ ಸ್ಪೆಷಾಲಿಟಿಯ ಪ್ರವೇಶ ಪರೀಕ್ಷೆ ನೀಟ್ ಎಸ್.ಎಸ್. ಬರೆದು ಎಂ.ಸಿಎಚ್. ಪ್ಲಾಸ್ಟಿಕ್ ಸರ್ಜರಿ 3 ವರ್ಷ. 18ಕ್ಕೆ ಸೇರಿದವರು ಎಲ್ಲೂ ಒಂದು ವರ್ಷವೂ ತಪ್ಪದೆ ಹೋದರೆ ಮೂವತ್ತರ ಹೊಸ್ತಿಲಲ್ಲಿ ಇರುತ್ತಾರೆ. ಹೆಚ್ಚಿನವರಿಗೆ ನಡುವೆ ವರ್ಷ ಎರಡು ವರ್ಷ ಹೋಗುತ್ತದೆ. ಇದನ್ನು ಮುಚ್ಚಿಟ್ಟು ಬರೀ ಮೈಕ್ರೋಸ್ಕೋಪಿನ ಚಂದ ತೋರಿಸುವುದು ನ್ಯಾಯ ಅಲ್ಲ.

ಲೆಕ್ಕ ಹೇಳಿ ಮುಗಿಯುವಷ್ಟರಲ್ಲಿ ಚಾಟ್‌ನಲ್ಲಿ ಪ್ರಶ್ನೆಗಳು ಸುರಿಯತೊಡಗಿದವು. ಬಾಯಿ ಬಿಟ್ಟು ಕೇಳದ ಮಕ್ಕಳು ಬರೆದು ಕೇಳುತ್ತಾರೆ. ಅದರಲ್ಲಿ ಒಂದು: "ಮೇಡಂ, ಮನೆಯಲ್ಲಿ ಎಂ.ಬಿ.ಬಿ.ಎಸ್. ಮುಗಿದ ಕೂಡಲೇ ಮದುವೆ ಅಂತಾರೆ. ಇಷ್ಟು ವರ್ಷ ಓದಿದವರು ಮನೆ ಹೇಗೆ ನಡೆಸಿದ್ರಿ?" ಹೆಸರು ಕಾಣದಂತೆ ಬರೆದಿದ್ದಳು. ನಾನು ಇದ್ದದ್ದನ್ನು ಇದ್ದಂತೆ ಹೇಳಿದೆ. ನನ್ನ ಮಗಳು ಹುಟ್ಟಿದ್ದು ಎಂ.ಸಿಎಚ್. ನಡುವೆ. ಅತ್ತೆ ಊರು ಬಿಟ್ಟು ಬಂದು ಜೊತೆಗಿದ್ದರು. ಅವರು ಬಾರದೇ ಇದ್ದಿದ್ದರೆ ನನ್ನ ಓದು ನಿಲ್ಲುತ್ತಿತ್ತು. ಕೈ ತುಂಡಾದವರು ಹಗಲು ರಾತ್ರಿ ನೋಡಿ ಬರುವುದಿಲ್ಲ, ಈಗಲೂ ನಡುರಾತ್ರಿ ಫೋನ್ ಬರುತ್ತದೆ. ಇದನ್ನು ಕೇಳಿ ಯಾರಿಗಾದರೂ ಬೇಡ ಅನ್ನಿಸಿದರೆ ಅನ್ನಿಸಲಿ. ಆದರೆ 'ಹೆಣ್ಣುಮಕ್ಕಳಿಗೆ ಆಗಿಬರಲ್ಲ' ಅಂತ ಬೇರೆಯವರು ಹೇಳಿದ್ದಕ್ಕೆ ಬೇಡ ಅನ್ನಿಸುವುದು ಬೇಡ.

ಭಾಷೆಯ ವಿಷಯ ಸ್ವಲ್ಪ ಯೋಚನೆಗೆ ಹಚ್ಚಿತು. ಸರ್ಕಾರಿ ಕಾಲೇಜಿನಲ್ಲಿ 15 ಪರ್ಸೆಂಟ್ ಸೀಟು ಅಖಿಲ ಭಾರತ ಕೋಟಾ. ಕಾರವಾರದ ಹಾಸ್ಟೆಲಿನಲ್ಲಿ ಕನ್ನಡ ಬಾರದ ಮಕ್ಕಳೂ ಇದ್ದರು. ಅವರನ್ನು ಹೊರಗಿಡಲು ಮನಸ್ಸಿರಲಿಲ್ಲ. ಹಾಗಾಗಿ ಚಿತ್ರ, ವೀಡಿಯೊ ತೋರಿಸುವ ಭಾಗ ಇಂಗ್ಲಿಷಿನಲ್ಲಿ, ಪ್ರಶ್ನೋತ್ತರ ಕನ್ನಡದಲ್ಲಿ ಅಂತ ಮಾಡಿದೆವು. ಕನ್ನಡಕ್ಕೆ ಹೊರಳಿದ ಕೂಡಲೇ ಪ್ರಶ್ನೆಗಳ ಬಣ್ಣವೇ ಬದಲಾಗುತ್ತಿತ್ತು. ಇಂಗ್ಲಿಷಿನಲ್ಲಿ ಪರೀಕ್ಷೆಗೆ ಬರುವಂಥ ಪ್ರಶ್ನೆ ಕೇಳುತ್ತಿದ್ದ ಹುಡುಗ ಕನ್ನಡದಲ್ಲಿ "ಆ ಬೆರಳು ಸತ್ತುಹೋದ್ರೆ ಪೇಷಂಟಿಗೆ ಏನಂತ ಹೇಳ್ತೀರಿ ಮೇಡಂ?" ಅಂತ ಕೇಳಿದ. ನನಗೆ ಬೇಕಾಗಿದ್ದುದು ಈ ಪ್ರಶ್ನೆ.

ಆ ಪ್ರಶ್ನೆಗೆ ಕಾರಣವಾದ ಸಂಜೆ ಬಗ್ಗೆ ಸ್ವಲ್ಪ ಹೇಳಬೇಕು. ಅವತ್ತು ತುಂಡಾದ ಹೆಬ್ಬೆರಳು ಮರುಜೋಡಿಸಿದ ಕಥೆ. ಹೆಬ್ಬೆರಳು ಹೋದರೆ ಕೈಯ ಕೆಲಸದಲ್ಲಿ ನೂರಕ್ಕೆ 40 ಪಾಲು ಹೋಯಿತು ಅಂತ ನಾವು ಲೆಕ್ಕ ಹಾಕುತ್ತೇವೆ. ಹಾಗಾಗಿ ಜೋಡಿಸುವ ಅವಕಾಶ ಚೂರು ಇದ್ದರೂ ಬಿಡುವುದಿಲ್ಲ. 1965ರಲ್ಲಿ ಜಪಾನಿನಲ್ಲಿ ಕೊಮಾತ್ಸು, ತಮಾಯಿ ಅನ್ನುವ ಇಬ್ಬರು ವೈದ್ಯರು ಪೂರ್ತಿ ತುಂಡಾಗಿದ್ದ ಹೆಬ್ಬೆರಳನ್ನು ಮೈಕ್ರೋಸ್ಕೋಪಿನ ಕೆಳಗೆ ಜೋಡಿಸಿದರು. ಅದಕ್ಕೂ ಮುಂಚೆ ಅಂಥ ಬೆರಳು ಕಸದ ಬುಟ್ಟಿಗೆ ಹೋಗುತ್ತಿತ್ತು. ಇಷ್ಟು ಹೇಳಿ ವೀಡಿಯೊ ಹಾಕಿದೆ. ಮೊದಲು ಮೂಳೆಗೆ ತಂತಿ. ಆಮೇಲೆ ಬೆರಳನ್ನು ಚಾಚುವ, ಮಡಚುವ ಟೆಂಡನ್‌ಗಳು. ಆಮೇಲೆ ರಕ್ತನಾಳ, ನರ. ಬೆರಳಿನ ರಕ್ತನಾಳದ ಅಗಲ ಸುಮಾರು ಒಂದು ಮಿಲಿಮೀಟರ್. ಅದನ್ನು ಹೊಲಿಯುವ ದಾರ ತಲೆಕೂದಲಿಗಿಂತ ಸಣ್ಣದು, ಟೇಬಲ್ ಮೇಲೆ ಬಿದ್ದರೆ ಬರಿಗಣ್ಣಿಗೆ ಸಿಗುವುದಿಲ್ಲ. ಒಂದು ಬೆರಳಿಗೆ ಮೂರ್ನಾಲ್ಕು ತಾಸು ಬೇಕು. ನಾನು ತೋರಿಸಿದ್ದು ಕೆಲವೇ ನಿಮಿಷ. ಕಡೆಯ ತುಣುಕಿನಲ್ಲಿ, ರಕ್ತ ತಡೆಯಲು ನಾಳಕ್ಕೆ ಹಾಕಿದ್ದ ಪುಟ್ಟ ಕ್ಲಾಂಪ್ ತೆಗೆಯುತ್ತೇವೆ. ಮೇಣದ ಹಾಗೆ ಬಿಳುಚಿದ್ದ ಬೆರಳಿಗೆ ಬುಡದಿಂದ ತುದಿಗೆ ನಿಧಾನಕ್ಕೆ ಕೆಂಪು ಏರುತ್ತದೆ. ಉಗುರಿನ ಕೆಳಗೆ ಬಣ್ಣ ಬರುತ್ತದೆ. ಅಷ್ಟು ಹೊತ್ತು ಓಡುತ್ತಿದ್ದ ಚಾಟ್ ನಿಂತುಹೋಯಿತು.

ನಾನು ಅಲ್ಲಿಗೇ ನಿಲ್ಲಿಸಲಿಲ್ಲ. ಮರುದಿನದ ಫೋಟೊ ತೋರಿಸಿದೆ. ಬೆರಳು ನೀಲಿಗಟ್ಟಿತ್ತು. ಒಳಗೆ ಹೋಗುವ ರಕ್ತ ಹೋಗುತ್ತಿದೆ, ಹೊರಗೆ ಬರುವ ದಾರಿ ಕಟ್ಟಿಕೊಂಡಿದೆ. ಆಗ ಏನು ಮಾಡುತ್ತೀರಿ ಅಂತ ಕೇಳಿದೆ. ಯಾರೂ ಹೇಳಲಿಲ್ಲ. "ಜಿಗಣೆ ಹಚ್ಚುತ್ತೇವೆ" ಅಂದೆ. ಶಿರಸಿ, ಯಲ್ಲಾಪುರ ಕಡೆಯ ಮಕ್ಕಳೆಲ್ಲ ಮೈಕ್ ಆನ್ ಮಾಡಿ ಒಟ್ಟಿಗೇ ಮಾತಾಡಿದರು. ಮಳೆಗಾಲದಲ್ಲಿ ಉಂಬಳ ಕಚ್ಚಿಸಿಕೊಳ್ಳದೆ ಬೆಳೆದವರು ಅಲ್ಲಿ ಯಾರಿದ್ದಾರೆ! ನಮ್ಮ ಕಾಡಿನ ಉಂಬಳ ಬೇರೆ, ಆಸ್ಪತ್ರೆಯಲ್ಲಿ ಬಳಸುವ ನೀರಿನ ಜಿಗಣೆ ಬೇರೆ ಅಂತ ಬಿಡಿಸಿ ಹೇಳಿದೆ. ಜಿಗಣೆಯ ಜೊಲ್ಲಿನಲ್ಲಿ ಹಿರುಡಿನ್ ಅನ್ನುವ ಅಂಶ ಇದೆ, ಅದು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ. ಜಿಗಣೆ ಬಿದ್ದುಹೋದ ಮೇಲೂ ಗಾಯದಿಂದ ರಕ್ತ ಒಸರುತ್ತಲೇ ಇರುತ್ತದೆ. ಅಷ್ಟರಲ್ಲಿ ಹೊಸ ರಕ್ತನಾಳ ಬೆಳೆಯಲು ಸಮಯ ಸಿಗುತ್ತದೆ. ಜಿಗಣೆಯ ಹೊಟ್ಟೆಯಲ್ಲಿ ಒಂದು ಜಾತಿಯ ಬ್ಯಾಕ್ಟೀರಿಯಾ ಇರುವುದರಿಂದ ಜೊತೆಗೆ ಆಂಟಿಬಯೋಟಿಕ್ ಕೊಡಲೇಬೇಕು. ಕೊಟ್ಟಿಗೆಗೆ ಹೋಗಿ ಬಂದು ಕಾಲಿಂದ ಉಂಬಳ ಕಿತ್ತೆಸೆದ ಮಗುವಿಗೆ, ಗಾಯದ ರಕ್ತ ಯಾಕೆ ನಿಲ್ಲಲಿಲ್ಲ ಅನ್ನುವುದು ಇಷ್ಟು ವರ್ಷದ ಮೇಲೆ ಸರ್ಜರಿಯ ಮೂಲಕ ಗೊತ್ತಾಗುವುದು ನನಗೆ ತುಂಬ ಇಷ್ಟವಾದ ಸಂಗತಿ.

ಆ ಹುಡುಗನ ಪ್ರಶ್ನೆಗೆ ಉತ್ತರ ಕೊಡಲೇಬೇಕಿತ್ತು. ಜೋಡಿಸಿದ ಎಲ್ಲ ಬೆರಳೂ ಉಳಿಯುವುದಿಲ್ಲ. ಯಂತ್ರಕ್ಕೆ ಸಿಕ್ಕಿ ಜಜ್ಜಿಹೋದದ್ದನ್ನು ಎಷ್ಟೋ ಸಲ ಜೋಡಿಸಲೂ ಆಗುವುದಿಲ್ಲ. ಆಪರೇಷನ್ನಿಗೆ ಮೊದಲೇ ಮನೆಯವರಿಗೆ ಹೀಗೂ ಆಗಬಹುದು, ಹಾಗೂ ಆಗಬಹುದು ಅಂತ ಹೇಳಿರುತ್ತೇವೆ. ಆದರೂ ಕಪ್ಪಾದ ಬೆರಳಿನ ಎದುರು ನಿಂತು ತೆಗೆಯಬೇಕು ಅನ್ನುವಾಗ ಮಾತು ಹೊರಡುವುದಿಲ್ಲ. ಆಗ ಇರುವ ಬೇರೆ ದಾರಿಗಳನ್ನು ಹೇಳುತ್ತೇವೆ. ಗಾಯದ ಜಾಗ ಮುಚ್ಚಲು ಕೈಯನ್ನು ತೊಡೆಸಂದಿಯ ಚರ್ಮಕ್ಕೆ ಹೊಲಿದು ಸುಮಾರು ಮೂರು ವಾರ ಬಿಟ್ಟು ಆಮೇಲೆ ಬಿಡಿಸುವುದು. ಕಾಲ್ಬೆರಳನ್ನು ತೆಗೆದು ಹೆಬ್ಬೆರಳಿನ ಜಾಗಕ್ಕೆ ಕೂರಿಸುವುದು. ಇದನ್ನು ಕೇಳಿದ ಮೇಲೆ ಹುಡುಗ "ಥ್ಯಾಂಕ್ಸ್ ಮೇಡಂ" ಅಂತ ಬರೆದ. ಮುಂದಿನ ಸಂಜೆಗಳಲ್ಲಿ ಅವನೇ ಎಲ್ಲರಿಗಿಂತ ಮೊದಲು ಬಂದು ಕೂರುತ್ತಿದ್ದ.

ನಮ್ಮ ಮನೆಯಿಂದಲೇ ಮಾತಾಡುತ್ತಿದ್ದೆ. ಶನಿವಾರ ಊರಿಗೆ ಬಂದರೆ ಭಾನುವಾರ ರಾತ್ರಿ ಎಂಟೂವರೆಗೆ, ಹಾಸ್ಟೆಲಿನ ಊಟ ಮುಗಿದ ಮೇಲೆ. ಮಳೆಗಾಲದಲ್ಲಿ ಶಿರಸಿ ಕಡೆಯ ಹಳ್ಳಿಗಳಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೆ ಅಂತ ಹೇಳಲಾಗದು. ಇನ್ವರ್ಟರ್ ಮೇಲೆ ರೌಟರ್, ಲ್ಯಾಪ್‌ಟಾಪ್ ಎರಡನ್ನೂ ಹಾಕಿಕೊಂಡು ಕೂರುತ್ತಿದ್ದೆ. ಜೂಮ್‌ನ ಪುಕ್ಕಟೆ ಖಾತೆಯಲ್ಲಿ ನಲವತ್ತು ನಿಮಿಷಕ್ಕೆ ಕೊಂಡಿ ಕಡಿಯುತ್ತದೆ. ಹಣ ಕೊಟ್ಟು ಖಾತೆ ತೆಗೆಯೋಣ ಅಂತಿದ್ದೆ. ಮಕ್ಕಳೇ ಬೇಡ ಅಂದರು. ನಲವತ್ತು ನಿಮಿಷಕ್ಕೆ ಕಡಿದಾಗ ಎದ್ದು ಚಹಾ ಕುಡಿದು ಬಂದು, ಮತ್ತೆ ಸೇರಿಕೊಂಡವರು ಪ್ರಶ್ನೋತ್ತರಕ್ಕೆ ಉಳಿಯುತ್ತಿದ್ದರು. ಸುಮ್ನೆ ಹಾಜರಿಗೆ ಬಂದವರು ಅಲ್ಲಿಗೆ ಹೊರಟುಹೋಗುತ್ತಿದ್ದರು. ಯಾರನ್ನೂ ಕಟ್ಟಿಹಾಕದೆ ಆಸಕ್ತಿ ಇದ್ದವರು ತಾವಾಗಿ ಉಳಿಯುವ ವ್ಯವಸ್ಥೆ ಇದು. ಹಾಗೇ ಬಿಟ್ಟೆ. ವೀಡಿಯೊ ಮಾತ್ರ ದೊಡ್ಡ ಸಮಸ್ಯೆ. ಸಿಗ್ನಲ್ ಕಡಿಮೆ ಇದ್ದ ಕಡೆ ಮೈಕ್ರೋಸ್ಕೋಪಿನ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ. ಸೂಜಿ ಎಲ್ಲಿದೆ ಅಂತಲೇ ಕಾಣದಿದ್ದರೆ ಏನು ಪ್ರಯೋಜನ? ಸಣ್ಣ ಸಣ್ಣ ಪಾಠದ ಚಿತ್ರಗಳನ್ನು ಹಿಂದಿನ ದಿನವೇ ಕಳಿಸಿ, ರೋಗಿಯ ವೀಡಿಯೊವನ್ನು ಮಾತ್ರ ಸ್ಕ್ರೀನಿನಲ್ಲಿ, ನಿಲ್ಲಿಸಿ ನಿಲ್ಲಿಸಿ ತೋರಿಸುತ್ತಿದ್ದೆ.

ಹಾಗೆ ಬೇರೆ ಬೇರೆ ಮಾಡಲು ಕಾರಣ ಇದೆ. ರೋಗಿಯ ಒಂದು ಫೋಟೊ ಕೂಡ ಯಾರ ಫೋನಿಗೂ ಹೋಗಬಾರದು. ಇದರಲ್ಲಿ ನಾನು ತುಂಬ ಕಟ್ಟುನಿಟ್ಟು. ಪ್ರತಿಯೊಬ್ಬರ ಹತ್ತಿರ ಕನ್ನಡದಲ್ಲಿ ಬರೆದ ಒಪ್ಪಿಗೆ ಪತ್ರಕ್ಕೆ ಸಹಿ ಪಡೆದಿದ್ದೆ. ಯಾರಿಗೆ ತೋರಿಸುತ್ತೇವೆ, ಯಾಕೆ ತೋರಿಸುತ್ತೇವೆ ಅಂತ ಓದಿ ಹೇಳಿದ ಮೇಲೆ. ಮುಖ ಕಾಣುವ ಫೋಟೊ ಇಲ್ಲ, ಹಚ್ಚೆ, ಉಂಗುರ, ಆಸ್ಪತ್ರೆಯ ನಂಬರ್ ಇಲ್ಲ. ರೆಕಾರ್ಡಿಂಗ್ ಇಲ್ಲ. ನಮ್ಮ ಜಿಲ್ಲೆಯಲ್ಲಿ ಒಬ್ಬರಿಗೊಬ್ಬರ ಪರಿಚಯ ಜಾಸ್ತಿ. ಒಂದು ಕೈ ನೋಡಿ ಇದು ಇಂಥ ಊರಿನ ಇಂಥವರದ್ದು ಅಂತ ಗುರುತಿಸುವ ಮಕ್ಕಳು ಎದುರಿಗಿರುತ್ತಾರೆ. ಒಬ್ಬ ಮೀನುಗಾರ ಮಹಿಳೆ ಕೇಳಿಸಿಕೊಂಡು, ಬೇಡ ಅಂದರು. ಆ ಕಥೆ ತೋರಿಸಲಿಲ್ಲ. ಬೇಡ ಅನ್ನುವ ಹಕ್ಕು ಅವರದ್ದು ಅನ್ನುವುದನ್ನೂ ಮಕ್ಕಳಿಗೆ ಹೇಳಿದೆ. ಸರ್ಜನ್ ಆಗಬೇಕು ಅನ್ನುವವರು ಹೊಲಿಗೆಗಿಂತ ಮೊದಲು ಇದನ್ನು ಕಲಿಯಬೇಕು.

ಎಲ್ಲಕ್ಕಿಂತ ಹೆಚ್ಚು ಕಳೆ ಕಟ್ಟಿದ್ದು ಕೈಯಾರೆ ಮಾಡಿದ ಸಂಜೆಗಳು. ಸುಟ್ಟಗಾಯ ಮಾಗುವಾಗ ಚರ್ಮ ಎಳೆದುಕೊಂಡು ಬೆರಳು ಮಡಚಿ ಹೋಗುತ್ತದೆ. ಅಡಿಕೆ ಬೇಯಿಸುವ ಹಂಡೆಯ ಹತ್ತಿರ ಆಡುತ್ತಾ ಕೈ ಸುಟ್ಟುಕೊಂಡ ಮಕ್ಕಳು ನಮ್ಮಲ್ಲಿ ಹೊಸಬರಲ್ಲ. ಹಾಗೆ ಎಳೆದುಕೊಂಡ ಚರ್ಮದ ಗೆರೆಯನ್ನು ಉದ್ದ ಮಾಡುವುದಕ್ಕೆ ಜೆಡ್ ಪ್ಲಾಸ್ಟಿ ಅನ್ನುವ ಉಪಾಯ ಇದೆ. ಎಲ್ಲರೂ ಹಳೇ ಬನಿಯನ್ ಬಟ್ಟೆ, ಪೆನ್ನು, ಕತ್ತರಿ, ಸೂಜಿ ದಾರ ತಂದು ಕೂತಿರಿ ಅಂತ ಹೇಳಿದ್ದೆ. ನಾನು ಎರಡನೇ ಫೋನನ್ನು ಸ್ಟ್ಯಾಂಡಿಗೆ ಕಟ್ಟಿ ಮೇಲಿನಿಂದ ನನ್ನ ಕೈ ಮಾತ್ರ ಕಾಣುವಂತೆ ಇಟ್ಟೆ. ಬಟ್ಟೆಯ ಮೇಲೆ 2 ಸೆಂಟಿಮೀಟರಿನ ಒಂದು ಗೆರೆ. ಅದರ ಎರಡು ತುದಿಯಿಂದ ಅಷ್ಟೇ ಉದ್ದದ ಎರಡು ಗೆರೆ, ಎದುರುಬದುರು ದಿಕ್ಕಿಗೆ, 60 ಡಿಗ್ರಿ ಓರೆಯಲ್ಲಿ. ಕತ್ತರಿಸಿದರೆ ಎರಡು ತ್ರಿಕೋನ. ಈಗ ಅವೆರಡರ ಜಾಗ ಅದಲು ಬದಲು ಮಾಡಿ ಹೊಲಿಯಬೇಕು. ಹೊಲಿದ ಮೇಲೆ ಮೊದಲು 2 ಸೆಂಟಿಮೀಟರ್ ಇದ್ದ ಜಾಗ ಅಳೆದರೆ ಮೂರೂವರೆ ಹತ್ತಿರ. ಲೆಕ್ಕದ ಪ್ರಕಾರ 75 ಪರ್ಸೆಂಟ್ ಜಾಸ್ತಿ. ನಿಜವಾದ ಚರ್ಮದಲ್ಲಿ ಅಷ್ಟು ಸಿಗುವುದಿಲ್ಲ, ಅಕ್ಕಪಕ್ಕದ ಅಗಲವೂ ಅಷ್ಟು ಕಡಿಮೆಯಾಗುತ್ತದೆ. ಹೊಸ ಚರ್ಮ ತರದೆಯೇ, ಇದ್ದ ಚರ್ಮದ ಜಾಗ ಬದಲಿಸಿದ್ದಕ್ಕೇ ಬೆರಳು ನೆಟ್ಟಗಾಗುತ್ತದೆ.

ಮಕ್ಕಳು ಒಬ್ಬೊಬ್ಬರೇ ಕ್ಯಾಮೆರಾ ಮುಂದೆ ಬಟ್ಟೆ ಹಿಡಿದರು. ಕೆಲವರದ್ದು ಸುಕ್ಕುಗಟ್ಟಿತ್ತು. ಒಬ್ಬಳ ತ್ರಿಕೋನದ ತುದಿ ಹರಿದುಹೋಗಿತ್ತು. ಚಿಮಟಿಯಿಂದ ತುದಿಯನ್ನೇ ಹಿಡಿದೆಳೆದರೆ ನಿಜವಾದ ಚರ್ಮದಲ್ಲೂ ಆ ತುದಿ ಸಾಯುತ್ತದೆ. ಇದನ್ನು ಬಾಯಲ್ಲಿ ಹೇಳಿದ್ದರೆ ಯಾರಿಗೂ ನೆನಪು ಉಳಿಯುತ್ತಿರಲಿಲ್ಲ.

ಇನ್ನೊಂದು ಸಂಜೆ ಕೋಳಿಯ ತೊಡೆ. ಮೈಕ್ರೋಸ್ಕೋಪಿನ ಕೆಳಗೆ ಮಾಡುವ ಮೈಕ್ರೋಸರ್ಜರಿ ಕಲಿಯುವವರು ಹಲವು ಕಡೆ ಅದರ ಮೇಲೆ ಅಭ್ಯಾಸ ಮಾಡುತ್ತಾರೆ, ಅದರೊಳಗಿನ ರಕ್ತನಾಳ ಬೆರಳಿನ ನಾಳದ ಅಳತೆಗೆ ಹತ್ತಿರ ಇರುತ್ತದೆ. ಮಕ್ಕಳ ಹತ್ತಿರ ಮೈಕ್ರೋಸ್ಕೋಪ್ ಇರಲಿಲ್ಲ. ಫೋನಿನ ಕ್ಯಾಮೆರಾ ಜೂಮ್ ಮಾಡಿ ನಾಳ, ನರ ಬಿಡಿಸಿ ಗುರುತಿಸಿದರೆ ಸಾಕು ಅಂದಿದ್ದೆ. ಮಾಂಸ ಮುಟ್ಟದ ಮನೆಯವರಿಗೆ ಕೈಗವಸಿನ ತುಂಡು, ಬಾಳೆಹಣ್ಣಿನ ಸಿಪ್ಪೆ ಕೊಟ್ಟೆ. ಒಬ್ಬ ಇಂಟರ್ನ್ ತುಂಬ ಸಂಕೋಚದಿಂದ ಬರೆದ: "ಮೇಡಂ, ನನ್ನ ಕೈ ನಡುಗುತ್ತೆ. ನನಗೆ ಇದೆಲ್ಲ ಆಗುತ್ತಾ?"

ನಾನು ಆಸ್ಪತ್ರೆಯಿಂದ ತಂದಿದ್ದ ಹಳೇ ಅಭ್ಯಾಸದ ಮೈಕ್ರೋಸ್ಕೋಪಿಗೆ ಫೋನು ಹಚ್ಚಿ ನನ್ನ ಕೈಯನ್ನೇ ತೋರಿಸಿದೆ. ಚಿಮಟಿ ಹಿಡಿದು ಕೈಯನ್ನು ಗಾಳಿಯಲ್ಲಿ ಇಟ್ಟೆ. ಸ್ಕ್ರೀನಿನಲ್ಲಿ ಚಿಮಟಿಯ ತುದಿ ಗಡಗಡ ಅಲುಗಿತು. ಆಮೇಲೆ ಮುಂಗೈಯನ್ನು ಟೇಬಲ್ ಮೇಲೆ ಊರಿದೆ. ಅರ್ಧ ನಿಂತಿತು. ಕಿರುಬೆರಳಿನ ಬದಿಯನ್ನೂ ಊರಿ, ಉಸಿರು ಬಿಟ್ಟೆ. ಪೂರ್ತಿ ನಿಂತಿತು. ಎಲ್ಲರ ಕೈಯೂ ನಡುಗುತ್ತದೆ. ಅದನ್ನು ಎಲ್ಲಿ ಊರಬೇಕು ಅನ್ನುವುದೇ ಕಲಿಕೆ. ಚೆನ್ನಾಗಿ ನಿದ್ದೆ ಮಾಡಿ, ಆಪರೇಷನ್ ದಿನ ಕಾಫಿ ಕಡಿಮೆ ಮಾಡಿ ಅಂತಲೂ ಹೇಳಿದೆ. ಎಷ್ಟು ಒಳ್ಳೆಯ ಮಕ್ಕಳು ಈ ಒಂದು ಹೆದರಿಕೆಗೆ ಸರ್ಜರಿ ಬಿಟ್ಟಿದ್ದಾರೋ ಅಂತ ಯೋಚಿಸಿದರೆ ಸಂಕಟ ಆಗುತ್ತದೆ.

ಸರಣಿಯ ನಡುವೆ ಒಬ್ಬ ರೋಗಿ ತಾನೇ ಬಂದು ಕೂತರು. ಹುಲ್ಲು ಕತ್ತರಿಸುವ ಯಂತ್ರಕ್ಕೆ ಹೆಬ್ಬೆರಳು ಕೊಟ್ಟಿದ್ದ ಶಿರಸಿ ಕಡೆಯ ತೋಟಿಗರು. "ನನ್ನ ಕೈಯ ಕಥೆ ನಾನೇ ಹೇಳ್ತೆ ತಂಗಿ, ನಿಂದೆಂತಕ್ಕೆ?" ಅಂದರು. ಮಗನ ಫೋನಿನಲ್ಲಿ ಸೇರಿಕೊಂಡರು. ಬೆರಳು ಚಾಚಿ, ಮಡಚಿ ತೋರಿಸಿದರು. ಪೂರ್ತಿ ಮಡಚಲು ಬರುವುದಿಲ್ಲ. ಒಂದು ಅಡಿಕೆ ಎತ್ತಿಕೊಂಡು ಕತ್ತರಿಯಲ್ಲಿ ಹೋಳು ಮಾಡಿದರು. ಆಮೇಲೆ ಕಣ್ಣು ಮುಚ್ಚಿಕೊಂಡು ಜೇಬಿಗೆ ಕೈ ಹಾಕಿ "ಇದು ಒಂದ್ರೂಪಾಯೋ ಎರಡ್ರೂಪಾಯೋ ಈಗಲೂ ಗೊತ್ತಾಗ್ತಿಲ್ಲೆ" ಅಂದರು. ನರ ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತದೆ, ಬೆಳೆದ ಮೇಲೂ ಮುಂಚಿನ ಸ್ಪರ್ಶ ಪೂರ್ತಿ ಬರುವುದಿಲ್ಲ ಅಂತ ನಾನು ಮಧ್ಯೆ ಸೇರಿಸಿದೆ. ಒಬ್ಬಳು ಕೇಳಿದಳು, ಚಳಿಗಾಲದಲ್ಲಿ ನೋವಾಗುತ್ತಾ? "ಥಂಡಿ ದಿನ ಝುಂ ಅಂತದೆ. ಉಲ್ಲನ್ ಟೊಪ್ಪಿ ತುಂಡು ಮಾಡಿ ಬೆರಳಿಗೆ ಹಾಕ್ಕಂಡಿದ್ದೆ." ಇನ್ನೊಬ್ಬ ಕೇಳಿದ, ಇಷ್ಟು ಕಷ್ಟಪಟ್ಟಿದ್ದಕ್ಕೆ ಸಾರ್ಥಕ ಅನಿಸುತ್ತಾ? ಅವರು ಸ್ವಲ್ಪ ಹೊತ್ತು ಕೈ ನೋಡಿಕೊಂಡು, ವಾರಗಟ್ಟಲೆ ಆಸ್ಪತ್ರೆಗೆ ಓಡಾಡಿದ್ದು, ಆ ವರ್ಷ ಕೊಯ್ಲಿಗೆ ಜನ ಹಿಡಿಯಬೇಕಾಗಿ ಬಂದದ್ದು, ಸಾಲ ಮಾಡಿದ್ದು ಎಲ್ಲ ಹೇಳಿದರು. "ಆದ್ರೂ ಕತ್ತಿ ಹಿಡಿತೆ. ಅಷ್ಟು ಸಾಕು." ನನ್ನ ಯಾವ ಸ್ಲೈಡಿಗೂ ಇಷ್ಟು ಹೇಳಲು ಬರುವುದಿಲ್ಲ. ಆಪರೇಷನ್ ಚೆನ್ನಾಗಿ ಆಯಿತೋ ಇಲ್ಲವೋ ಅನ್ನುವುದನ್ನು ಹೇಳಬೇಕಾದವರು ಅವರೇ.

ಇತಿಹಾಸದ ಒಂದು ಸಂಜೆಯೂ ಇತ್ತು. ಸುಶ್ರುತನ ಮೂಗಿನ ಶಸ್ತ್ರಚಿಕಿತ್ಸೆ ಎಲ್ಲರಿಗೂ ಗೊತ್ತು. ಆಮೇಲಿನ ಕಥೆ ಗೊತ್ತಿರಲಿಲ್ಲ. ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಕಡೆ ಎತ್ತಿನ ಗಾಡಿ ಹೊಡೆಯುತ್ತಿದ್ದ ಕೌಸಜಿ ಅನ್ನುವವನ ಮೂಗನ್ನು ಟಿಪ್ಪುವಿನ ಸೈನಿಕರು ಕೊಯ್ದರು. ಪುಣೆಯ ಕಡೆ ಸ್ಥಳೀಯ ವೈದ್ಯನೊಬ್ಬ ಹಣೆಯ ಚರ್ಮದಿಂದ ಅವನಿಗೆ ಮೂಗು ಕಟ್ಟಿಕೊಟ್ಟ. 1794ರಲ್ಲಿ ಅದು ಲಂಡನ್ನಿನ ಪತ್ರಿಕೆಯಲ್ಲಿ ಚಿತ್ರ ಸಮೇತ ಬಂತು. ಅದನ್ನು ಓದಿ ಇಂಗ್ಲಿಷ್ ಸರ್ಜನ್ ಜೋಸೆಫ್ ಕಾರ್ಪ್ಯೂ 1814ರಲ್ಲಿ ಅಲ್ಲಿ ಅದೇ ಆಪರೇಷನ್ ಮಾಡಿದರು. ಹಣೆಯ ಚರ್ಮದ ಮೂಗು ಇವತ್ತಿಗೂ ನಮ್ಮ ಕೈಯಲ್ಲಿರುವ ಉಪಾಯ.

ಒಂದು ವಿಷಯಕ್ಕೆ ನಾನು ಪ್ರತಿ ಸಲ ಹತ್ತು ನಿಮಿಷ ಮೀಸಲಿಡುತ್ತಿದ್ದೆ. ತುಂಡಾದ ಬೆರಳನ್ನು ಹೇಗೆ ತರಬೇಕು? ಸರ್ಜನ್ ಆಗಲಿ, ಆಗದೇ ಇರಲಿ, ನಮ್ಮ ಜಿಲ್ಲೆಯ ಪ್ರತಿಯೊಬ್ಬ ಡಾಕ್ಟರಿಗೆ ಇದು ಗೊತ್ತಿರಬೇಕು. ನೀರಿನಲ್ಲಿ ಮೆಲ್ಲಗೆ ತೊಳೆದು, ಸಲೈನಿನಲ್ಲಿ ಒದ್ದೆ ಮಾಡಿ ಹಿಂಡಿದ ಗಾಜ್ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಬೇಕು. ಆ ಚೀಲವನ್ನು ಮಂಜುಗಡ್ಡೆ ಬೆರೆಸಿದ ನೀರಿನಲ್ಲಿ ಇಡಬೇಕು. ಬೆರಳು ಮಂಜುಗಡ್ಡೆಗೆ ನೇರ ತಾಗಿದರೆ ಜೀವಕೋಶ ಸಾಯುತ್ತದೆ. ಮೀನಿನ ಪೆಟ್ಟಿಗೆಯ ಐಸಿನಲ್ಲೇ ಬೆರಳು ಹುಗಿದು ತಂದವರನ್ನು ನೋಡಿದ್ದೇನೆ, ಪಾಪ, ಅವರಿಗೆ ತೋಚಿದ ಒಳ್ಳೆಯದನ್ನೇ ಮಾಡಿದ್ದರು. ತಣ್ಣಗೆ ಇಟ್ಟರೆ ಬೆರಳಿಗೆ 12 ತಾಸು, ಕೆಲವೊಮ್ಮೆ ಅದಕ್ಕೂ ಹೆಚ್ಚು ಸಮಯ ಸಿಗುತ್ತದೆ. ತೋಳು ತುಂಡಾದರೆ ಮಾತ್ರ ಹಾಗಲ್ಲ, ಅದರಲ್ಲಿ ಸ್ನಾಯು ಇದೆ, ಸುಮಾರು 6 ತಾಸಿನೊಳಗೆ ರಕ್ತ ಹರಿಯಬೇಕು. ಕಾರವಾರದಿಂದ ಹುಬ್ಬಳ್ಳಿಗೆ ಅರಬೈಲು ಘಟ್ಟ ಹತ್ತಿ ಬರುವ ಹೊತ್ತನ್ನು ಇದರಲ್ಲಿ ಕಳೆದು ನೋಡಿ ಅಂದೆ. ಮಕ್ಕಳು ತಮ್ಮ ತಮ್ಮ ಊರಿನಿಂದ ಲೆಕ್ಕ ಹಾಕಿ ಚಾಟ್‌ನಲ್ಲಿ ಬರೆದರು. ಜೋಯಿಡಾದ ಒಳಗಿನ ಹಳ್ಳಿಯ ಹುಡುಗಿಯ ಲೆಕ್ಕದಲ್ಲಿ ಡಾಂಬರು ರಸ್ತೆಗೆ ಬರುವ ಹೊತ್ತೇ ದೊಡ್ಡದಿತ್ತು.

ತಿಂಗಳುಗಳ ಮೇಲೆ ಕರಾವಳಿಯ ಒಂದು ತಾಲ್ಲೂಕು ಆಸ್ಪತ್ರೆಯಿಂದ ಫೋನ್ ಬಂತು. ನಮ್ಮ ಸಂಜೆಗಳಿಗೆ ಬರುತ್ತಿದ್ದ ಹುಡುಗನೇ, ಈಗ ಅಲ್ಲಿ ಡ್ಯೂಟಿ. "ಮೇಡಂ, ಎರಡು ಬೆರಳು. ಚೀಲದಲ್ಲಿ ಹಾಕಿದ್ದೇನೆ, ಚೀಲದ ಮೇಲೆ ಟೈಮ್ ಬರೆದಿದ್ದೇನೆ, ಎಕ್ಸ್‌ರೇ ಜೊತೆಗಿದೆ. ಹೊರಟಿದ್ದಾರೆ." ಬಂದ ಚೀಲ ನಮ್ಮ ನರ್ಸ್‌ಗಳಿಗೆ ತೋರಿಸುವಷ್ಟು ಚೆನ್ನಾಗಿತ್ತು. ಒಂದು ಬೆರಳು ಉಳಿಯಿತು. ಇನ್ನೊಂದು ಜಜ್ಜಿಹೋಗಿತ್ತು.

ಆನ್‌ಲೈನಿನಲ್ಲಿ ಆಗದ್ದು ತುಂಬ ಇದೆ. ಆಪರೇಷನ್ ಥಿಯೇಟರಿನಲ್ಲಿ ಐದನೇ ತಾಸಿಗೆ ಬೆನ್ನು ಹೇಗೆ ನೋಯುತ್ತದೆ ಅನ್ನುವುದು, ಸುಟ್ಟಗಾಯದ ವಾರ್ಡಿನ ವಾಸನೆ, ಡ್ರೆಸ್ಸಿಂಗ್ ಬಿಚ್ಚುವಾಗ ಮಗು ಅಳುವುದನ್ನು ತಡೆದುಕೊಳ್ಳುವುದು ಸ್ಕ್ರೀನಿನಲ್ಲಿ ಬರುವುದಿಲ್ಲ. ಹಾಗಾಗಿ ಕಡೆಯವರೆಗೆ ಉಳಿದವರಿಗೆ ಹುಬ್ಬಳ್ಳಿಗೆ ಬಂದು ಪಕ್ಕದಲ್ಲಿ ನಿಂತು ನೋಡಲು ಅನುಮತಿ ಮಾಡಿಸಿದೆ. ಒಂದಿಷ್ಟು ಜನ ಬಂದರು. ಮೊದಲ ದಿನವೇ ಅವರಿಗೆ ಯಾವ ಹಂತ ಯಾವುದು ಅಂತ ಗೊತ್ತಿತ್ತು. ಬೆರಗಿನಲ್ಲಿ ಹೊತ್ತು ಕಳೆಯದೆ ಕೆಲಸ ನೋಡಿದರು. ಬನಿಯನ್ ಬಟ್ಟೆಯ ತ್ರಿಕೋನ ಹರಿದಿದ್ದ ಹುಡುಗಿ, ನಾನು ನಿಜವಾದ ಚರ್ಮದ ತುದಿ ಎತ್ತುವಾಗ ಚಿಮಟಿ ಎಲ್ಲಿ ಹಿಡಿಯುತ್ತೇನೆ ಅನ್ನುವುದನ್ನೇ ಬಗ್ಗಿ ನೋಡುತ್ತಿದ್ದಳು.

ಅವರಲ್ಲಿ ಇಬ್ಬರು ಜನರಲ್ ಸರ್ಜರಿಗೆ ಓದುತ್ತಿದ್ದಾರೆ. ಮುಂದೆ ಎಂ.ಸಿಎಚ್. ಯಾವುದಕ್ಕೆ ಅನ್ನುವುದು ಅವರಿಗೆ ಬಿಟ್ಟದ್ದು. ಎಲ್ಲ ಸಂಜೆಗೂ ತಪ್ಪದೆ ಬಂದು, ಥಿಯೇಟರಿನಲ್ಲೂ ನಿಂತು ನೋಡಿದ ಮತ್ತೊಬ್ಬಳು, "ಮೇಡಂ, ನನಗೆ ಬೆರಳಿಗಿಂತ ಜಾಸ್ತಿ ಆ ಕಡೆಯ ಕೆಲಸ ಹಿಡಿಸಿತು" ಅಂದಳು. ಆ ಕಡೆ ಅಂದರೆ ಅನಸ್ತೇಷಿಯಾ. ಕಂಕುಳ ಹತ್ತಿರ ಒಂದು ಸೂಜಿ ಚುಚ್ಚಿ, ಅಲ್ಟ್ರಾಸೌಂಡಿನಲ್ಲಿ ನರ ನೋಡುತ್ತಾ, ಕೈ ಒಂದನ್ನೇ ಮರಗಟ್ಟಿಸಿ ರೋಗಿ ಎಚ್ಚರವಿದ್ದು ಮಾತಾಡುತ್ತಿರುವಾಗಲೇ ನಮಗೆ ಕೆಲಸಕ್ಕೆ ಬಿಟ್ಟುಕೊಡುವ ಡಾಕ್ಟರ್ ಅವಳ ಕಣ್ಣಿಗೆ ಬಿದ್ದಿದ್ದರು. ನನಗೆ ತುಂಬ ಖುಷಿಯಾಯಿತು. ಜಿಲ್ಲೆಗೆ ಅವರೂ ಬೇಕು, ಅವರಿಲ್ಲದೆ ನಾನು ಒಂದು ಹೊಲಿಗೆಯೂ ಹಾಕಲಾರೆ. ಮುಂದಿನ ಸರಣಿಯಲ್ಲಿ ಒಂದು ಸಂಜೆ ಅನಸ್ತೇಷಿಯಾಕ್ಕೆ ಅಂತ ಇಟ್ಟಿದ್ದೇವೆ. ಆ ಡಾಕ್ಟರು ಒಪ್ಪಿದ್ದಾರೆ, ನಡೆಸಿಕೊಡುವವಳು ಈ ಹುಡುಗಿ.